ಎಂಡದಲ್ಲಿ ಎರಡು ದಿವಸ

೨೦ ಜುಲೈ ೧೯೯೧, ಶನಿವಾರ, ವಿಜಯವಾಡ

ಪುಸ್ತಕವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ, ಇದನ್ನು ಓದುವವನು ನಾನೊಬ್ಬನೇ.

ನಾನು ಮಾರಿದ ದೋಣಿ ಎಂಜಿನ್ ನದಿಯ ನಡುನೀರಿನಲ್ಲಿ ನಿಂತುಹೋಯಿತು. ಕೆಮ್ಮಲಿಲ್ಲ, ಹೊಗೆ ಬಿಡಲಿಲ್ಲ. ಮಾತಾಡುತ್ತಿದ್ದವನ ಬಾಯಿಯನ್ನು ಯಾರೋ ಮುಚ್ಚಿದ ಹಾಗೆ ನಿಂತಿತು. ಮಾತಾಡುತ್ತಿದ್ದವನೂ ನಾನೇ. ದೋಣಿ ತುಂಬ ಜನರನ್ನು ಕೂರಿಸಿಕೊಂಡು, "ಇಂಗ್ಲೆಂಡಿನ ಮಾಲು, ವಿಶಾಖಪಟ್ಟಣ ಬಂದರಿನವರು ಮಗುವಿನಂತೆ ಸಾಕಿದ್ದು, ಹಿರಿಯಣ್ಣನ ಮಾತೇ ಗ್ಯಾರಂಟಿ" ಎಂದು ತೆಲುಗಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಗ್ಯಾರಂಟಿ ಅನ್ನುವ ಮಾತು ಬಾಯಲ್ಲಿರುವಾಗಲೇ ಸದ್ದು ಹೋಯಿತು. ಆಮೇಲೆ ನೀರಿನ ಸದ್ದು ಮಾತ್ರ. ದೋಣಿ ಆಗಲೂ ಹೋಗುತ್ತಲೇ ಇತ್ತು, ಎದುರು ದಡಕ್ಕಲ್ಲ, ಬ್ಯಾರೇಜಿನ ಕಡೆಗೆ. ಮೇಲಿಂದ ನೀರು ಬಂದಿದೆಯೆಂದು ಬೆಳಿಗ್ಗೆಯೇ ಕೆಲವು ಗೇಟು ಎತ್ತಿದ್ದರಂತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಯಾರಿಗೂ ಹೇಳಲು ಬಿಟ್ಟಿರಲಿಲ್ಲ ಅನ್ನುವುದೂ ನಿಜ.

ಒಬ್ಬರೂ ಕಿರುಚಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಅದು ಕಿರುಚಾಟಕ್ಕಿಂತ ಕೆಟ್ಟದ್ದು.

ನಮ್ಮ ಗಿರಾಕಿ ಕೋಟೇಶ್ವರಮ್ಮ ನನ್ನನ್ನು ಮೊಣಕಾಲಿನಿಂದ ಪಕ್ಕಕ್ಕೆ ತಳ್ಳಿ, ಬಿದಿರಿನ ಗಳ ತೆಗೆದುಕೊಂಡು, ಸೀರೆ ಎತ್ತಿ ಕಟ್ಟಿ, ದೋಣಿಯನ್ನು ಓರೆ ಮಾಡಿ ಮಾಡಿ ಮರಳ ದಿಬ್ಬಕ್ಕೆ ತಂದು ಹಚ್ಚಿದಳು. ಮೀನಿನವರು ಹಗ್ಗ ಎಸೆದರು. ದಡ ಹತ್ತಿದ ಮೇಲೆ ಉಸಿರು ಕೂಡ ಜೋರಾಗಿ ಬಿಡದೆ, ತರಕಾರಿಯ ದರ ಹೇಳುವ ಹಾಗೆ ತೆಲುಗಿನಲ್ಲಿ ಹೇಳಿದಳು: "ತನಿಖೀ ಇರವೈ ತೊಮ್ಮಿದಿನ, ಸೋಮವಾರಂ, ಹಿರಿಯಣ್ಣಗಾರೂ. ಅಪ್ಪಟಿವರಕೂ ಮೀರು ಎಕ್ಕಡಿಕೀ ಕದಲರು." ತನಿಖೆ ಇಪ್ಪತ್ತೊಂಬತ್ತಕ್ಕೆ, ಅಲ್ಲಿಯವರೆಗೆ ನೀವು ಎಲ್ಲಿಗೂ ಕದಲುವುದಿಲ್ಲ. ಪ್ರಶ್ನೆಯಲ್ಲ ಅದು.

ವಿಷಯ ಇಷ್ಟು. ಗಂಡ ಸತ್ತ ಮೇಲೆ ನದಿಯ ನಡುವಿನ ಲಂಕೆಗೆ, ಅಂದರೆ ನಡುಗಡ್ಡೆಗೆ, ಜನರನ್ನು ದಾಟಿಸುವ ರೇವು ಈಯಮ್ಮನ ಕೈಗೆ ಬಂತು. ಇಷ್ಟು ದಿನ ಹುಟ್ಟು ಹಾಕಿ ನಡೆಸಿದಳು. ಈ ವರ್ಷ ಸರ್ಕಾರದ ಹೊಸ ಆಜ್ಞೆ, ಮೋಟಾರು ದೋಣಿಯೇ ಆಗಬೇಕು. ಇಪ್ಪತ್ತೊಂಬತ್ತಕ್ಕೆ ಎಂಜಿನಿಯರ್ ಸಾಹೇಬರು ಬಂದು ನೋಡುತ್ತಾರೆ. ಓಡದಿದ್ದರೆ ರೇವು ಅವಳ ಮೈದುನನಿಗೆ. ಅವನ ಮೋಟಾರು ದೋಣಿ ಪಕ್ಕದಲ್ಲೇ ಕಟ್ಟಿದೆ, ಬಣ್ಣ ಕೂಡ ಬಳಿದಾಗಿದೆ.

ಇಂದಿನ ನಷ್ಟ: ಎಂಜಿನ್, ಮರ್ಯಾದೆ, ವಾಪಸು ಟಿಕೆಟ್ಟು. ಇಂದಿನ ಲಾಭ: ಪ್ರಾಣ.

೨೧ ಜುಲೈ, ಭಾನುವಾರ

ಇಲ್ಲಿಯ ಒನ್ ಟೌನ್ ಅನ್ನುವ ಪೇಟೆಯಲ್ಲಿ ಶ್ರೀಕಂಠನ ಮನೆಯಲ್ಲಿದ್ದೇನೆ. ಧಾರವಾಡದವನು, ಬ್ಯಾಂಕ್ ಆಫೀಸರು, ವರ್ಗವಾಗಿ ಇಲ್ಲಿಗೆ ಬಂದವನು. ಕೋಟೇಶ್ವರಮ್ಮನನ್ನು ನನಗೆ ಪರಿಚಯ ಮಾಡಿಸಿದ್ದೂ ಅವನೇ, ಹಾಗಾಗಿ ಉಪಚಾರ ಮಾಡುವುದು ಅವನ ಕರ್ಮ.

ಬೆಳಿಗ್ಗೆ ರೇವಿಗೆ ನನ್ನ ಜೊತೆ ಬಂದ. ಎಂಜಿನ್ನು ನೋಡಿ, "ಏನ್ರೀ ಹಿರಿಯಣ್ಣಾ, ಈ ಹೆಣ್ಮಗಳಿಗೆ ನೀವು ಮಾರಿದ್ದು ಎಂಜಿನ್ನೋ, ಲಂಗರೋ?" ಎಂದ.

ಪ್ಲಗ್ ಬಿಚ್ಚಿ, ತಂತಿಗೆ ಸಿಕ್ಕಿಸಿ, ಅದರ ಲೋಹವನ್ನು ಎಂಜಿನ್ನಿನ ಮೈಗೆ ಒತ್ತಿ ಹಿಡಿದು ಹಗ್ಗ ಎಳೆದೆ. ತುದಿಯಲ್ಲಿ ನೀಲಿ ಕಿಡಿ ಹಾರಬೇಕು. ಹಾರಲಿಲ್ಲ. ಹೊಸ ಪ್ಲಗ್ ಹಾಕಿದೆ. ಇಲ್ಲ. ಶ್ರೀಕಂಠ ನೆರಳು ಮಾಡಲು ಕೊಡೆ ಹಿಡಿದ, ಬೆಳಕಿಗೆ ಕಾಣದೇ ಹೋಗುತ್ತಿರಬಹುದೆಂದು. ಕೊಡೆಯ ಕೆಳಗೂ ಇಲ್ಲ. ಪೆಟ್ರೋಲು ಸರಿಯಾಗಿದೆ, ಗಾಳಿ ಸರಿಯಾಗಿದೆ, ಕಿಡಿ ಒಂದಿಲ್ಲ.

ಮದ್ದೂರಿನ ಲಾರಿ ಕ್ಲೀನರ್ ಆಗಿ ಹೊರಟು ಬಂದರಿನ ಹರಾಜಿನಲ್ಲಿ ಹಳೇ ಮಾಲು ಹಿಡಿಯುವ ಮಟ್ಟಕ್ಕೆ ಬಂದವನು ನಾನು. ಎಂಜಿನ್ ಮಾರಲು ಅದರ ಸದ್ದು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ. ಸದ್ದೇ ಇಲ್ಲದ ಎಂಜಿನ್ ಬಗ್ಗೆ ನನಗೆ ಏನೂ ಗೊತ್ತಿಲ್ಲ ಅನ್ನುವುದು ಇವತ್ತು ಗೊತ್ತಾಯಿತು.

ನಷ್ಟ: ಹಗ್ಗ ಎಳೆದ ಭುಜ. ಲಾಭ: ಇಲ್ಲ.

೨೨ ಜುಲೈ, ಸೋಮವಾರ

ಎಸ್‌ಟಿಡಿ ಬೂತಿನಿಂದ ವಿಶಾಖಪಟ್ಟಣದ ಮನೆಗೆ ಫೋನ್ ಮಾಡಿದೆ. ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಸೂರ್ಯಪ್ರಕಾಶ್‌ಗಾರು ಬಂದರಿನ ಲಾಂಚುಗಳ ಮೆಕ್ಯಾನಿಕ್ ಆಗಿದ್ದವರು. ಈಗ ಕಾಲು ಮುರಿದು ಪ್ಲಾಸ್ಟರಿನಲ್ಲಿ ಮಲಗಿದ್ದಾರೆ. ಫೋನು ಕೆಳಗೆ, ಅವರು ಮೇಲೆ. ನಡುವೆ ಮೆಟ್ಟಿಲು ಹತ್ತಿಳಿಯುವವಳು ನನ್ನ ಮಗಳು ಗೌರಿ. ಪೂರ್ತಿ ಹೆಸರು ಮಂಗಳಾಗೌರಿ, ಕಾಲೇಜಿನ ಮೊದಲ ವರ್ಷ.

ಇವಳ ತಾಯಿ ವಿಜಯಲಕ್ಷ್ಮಿ ತೆಲುಗಿನವಳು. ಮನೆಯಲ್ಲಿ ಕನ್ನಡ ಅಂದರೆ ನಾನೊಬ್ಬನೇ. ಅದಕ್ಕೇ ನಿಯಮ ಮಾಡಿದ್ದೇನೆ: ಹೊರಗೆ ಯಾವ ಭಾಷೆಯಾದರೂ ಆಡು, ಅಪ್ಪನ ಹತ್ತಿರ ಕನ್ನಡ. ತೆಲುಗು ಬಂದರೆ ಫೋನ್ ಇಟ್ಟುಬಿಡುತ್ತೇನೆ. ಮಗು ನಿಯಮ ಪಾಲಿಸುತ್ತದೆ.

"ಅಪ್ಪಾ, ಅಂಕಲ್ ಕೇಳ್ತಾರೆ, ಕರೆಂಟು ಕೊಡೋ ಪಾಯಿಂಟ್ಸ್ ಶುಭ್ರ ಮಾಡಿದ್ದೀರಾ?"

"ಮಾಡಿದ್ದೀನಿ ಅನ್ನು. ಪೇಪರ್ ಹಾಕಿ ಉಜ್ಜಿದ್ದೀನಿ."

ಹೋದಳು, ಬಂದಳು. "ಹಾಗಿದ್ರೆ ಕಿಡಿ ಹುಟ್ಟಿಸೋ ಕಾಯಿಲ್‌ಗೆ ತೇಮ ಹೋಗಿರಬಹುದಂತೆ."

"ತೇಮ ಅಲ್ಲ ಕಣವ್ವ, ತೇವ. ಸರಿಯಾಗಿ ಅನ್ನು."

"ತೇವ. ಅದನ್ನ ಬಿಚ್ಚಿ ಎರಡು ದಿವಸ ಎಂಡದಲ್ಲಿ ಇಡಬೇಕಂತೆ."

"ಎಂಡದಲ್ಲಾ?"

"ಹೂಂ ಅಪ್ಪ, ಒಳ್ಳೇ ಎಂಡದಲ್ಲಿ. ಇರಿ, ಅಂಕಲ್ ಇನ್ನೂ ಏನೋ ಹೇಳ್ತಾ ಇದ್ರು, ಕೇಳ್ಕೊಂಡು ಬರ್ತೀನಿ..."

"ಸಾಕು ಸಾಕು, ಇಲ್ಲಿ ಮೀಟರು ಕುದುರೆ ಓಡ್ದಂಗೆ ಓಡ್ತಾ ಐತೆ" ಎಂದು ಇಟ್ಟೆ.

ಶ್ರೀಕಂಠನಿಗೆ ಹೇಳಿದರೆ ನಂಬಲಿಲ್ಲ. "ಹೆಂಡದಾಗ? ಎಂಜಿನ್ನಿಗೆ ಕುಡಿಸೋದೇನ್ರೀ?"

ಅವನಿಗೆ ವಿವರಿಸಿದೆ. ಸೂಜಿ ಚುಚ್ಚುವ ಮೊದಲು ನರ್ಸು ಸ್ಪಿರಿಟ್ ಹಚ್ಚುವುದಿಲ್ಲವೇ, ಆ ಜಾಗ ಎಷ್ಟು ಬೇಗ ಒಣಗುತ್ತದೆ ನೋಡಿದ್ದೀಯಾ? ಅದೇ ಸೂತ್ರ. ಬಂದರಿನ ಹಳಬರಿಗೆ ಇಂಥ ಮರ್ಮ ಗೊತ್ತಿರುತ್ತದೆ. ಆದರೆ ಹೆಂಡದಲ್ಲಿ ಅರ್ಧ ನೀರೇ. ಅದಕ್ಕೆ ನಾನೇ ಸ್ವಲ್ಪ ತಲೆ ಓಡಿಸಿದೆ. ಹೆಂಡದ ಬದಲು ಸಾರಾಯಿ ಹಾಕಿದರೆ ಕೆಲಸ ಇನ್ನೂ ಚೊಕ್ಕ.

ಲಾಭ: ದಾರಿ ಸಿಕ್ಕಿತು.

೨೩ ಜುಲೈ, ಮಂಗಳವಾರ

ಕಾಯಿಲ್ ಬಿಚ್ಚಿದೆ. ಅಂಗೈಯಲ್ಲಿ ಹಿಡಿಸುವಷ್ಟು ತಂತಿಯ ಸುರುಳಿ, ಮೇಲೆ ಬಟ್ಟೆ ಸುತ್ತಿ ಅರಗಿನ ಮೆರುಗು ಕೊಟ್ಟಿದ್ದಾರೆ. ಗಾಜಿನ ಬಾಟಲಿಗೆ ಇಳಿಸಿ, ಸಾರಾಯಿ ಪ್ಯಾಕೆಟ್ ಹಲ್ಲಿನಲ್ಲಿ ಕಚ್ಚಿ ಹರಿದು ಸುರಿಯುತ್ತಿರುವಾಗ ಕೋಟೇಶ್ವರಮ್ಮ ಮೆಟ್ಟಿಲು ಇಳಿದು ಬಂದಳು.

ಪ್ಯಾಕೆಟ್ಟು ನನ್ನ ಹಲ್ಲಿನಲ್ಲಿ. ಹೊತ್ತು ಇನ್ನೂ ಹತ್ತೂ ಆಗಿರಲಿಲ್ಲ.

"ಮೀರು ಕೂಡಾನಾ?" ಎಂದಳು. ನೀವೂನಾ, ಅಂತ. ಅಷ್ಟೇ ಕೇಳಿ ಹೊರಟುಹೋದಳು. ಅವಳ ಗಂಡ ಹೋಗಿದ್ದು ಇದರಿಂದಲೇ ಎಂದು ಆಮೇಲೆ ಮೀನಿನವರು ಹೇಳಿದರು. ಕೂಗಿ ಕರೆದು, "ನನಗಲ್ಲಮ್ಮಾ, ಕಾಯಿಲ್‌ಗೆ" ಎಂದೆ. ಆ ಮಾತು ನನ್ನ ಕಿವಿಗೇ ಕುಡುಕನ ಮಾತಿನ ಹಾಗೆ ಕೇಳಿಸಿತು.

ಮಾತಿನಲ್ಲಿ ಸೋತ ನೆನಪು ನನಗಿಲ್ಲ. ಈ ಹೆಂಗಸಿನ ಮುಂದೆ ಎರಡನೇ ಸಲ.

೨೫ ಜುಲೈ, ಗುರುವಾರ

ಇದನ್ನು ಹೇಗೆ ಬರೆಯಲಿ?

ಬೆಳಿಗ್ಗೆ ಬಾಟಲಿ ನೋಡಿದಾಗ ಸಾರಾಯಿ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಕೊಳೆಯೆಲ್ಲ ಬಿಟ್ಟಿದೆ ಎಂದು ಹಿಗ್ಗಿದೆ. ಕಾಯಿಲ್ ಎತ್ತಿದರೆ ಅದು ಬೆರಳಿಗೆ ಅಂಟಿಕೊಂಡು ಬಂತು, ಹಲಸಿನ ಮೇಣದ ಹಾಗೆ. ಸುತ್ತಿದ ಬಟ್ಟೆ ಸಡಿಲಾಗಿ ಜಾರಿತು. ಒಳಗಿನ ತಂತಿ ಕೂದಲಿನಂತೆ ಕೆದರಿ ನಿಂತಿತು. ಅರಗು ಪೂರ್ತಿ ಕರಗಿಹೋಗಿತ್ತು. ಆದರೂ ಒರೆಸಿ ಕೂರಿಸಿ ಹಗ್ಗ ಎಳೆದೆ. ಹೆಣಕ್ಕೆ ಔಷಧಿ ಹಾಕಿದ ಹಾಗೆ.

ಓಡಿ ಹೋಗಿ ಫೋನ್ ಮಾಡಿದೆ.

"ಗೌರೀ, ಅವರಿಗೆ ಹೇಳು. ಹೇಳ್ದಂಗೇ ಎರಡು ದಿನ ಎಂಡದಲ್ಲಿಟ್ಟೆ, ಕಾಯಿಲ್ಲು ಕರಗೋಗೈತೆ."

"ಕರಗಿತಾ? ವಿಜಯವಾಡ ಎಂಡ ಅಷ್ಟು ಜಾಸ್ತೀನಾ ಅಪ್ಪ?"

"ಜಾಸ್ತಿ ಎಲ್ಲಿ ಬಂತು? ಮುಳುಗೋವಷ್ಟೇ ಹಾಕಿದ್ದು. ನಾಲ್ಕು ಪ್ಯಾಕೆಟ್ಟು."

"ಪ್ಯಾಕೆಟ್ಟಾ?"

"ಸಾರಾಯಿ ಪ್ಯಾಕೆಟ್ ಕಣವ್ವ."

  ಸಣ್ಣ ದನಿಯಲ್ಲಿ, "ಅಪ್ಪಾ, ಎಂಡ ಅಂದ್ರೆ ಎಂಡ. ಮೇಲೆ ಆಕಾಶದಲ್ಲಿ ಸೂರ್ಯ ಇರ್ತಾನಲ್ಲ, ಅವನ ಎಂಡ" ಅಂದಳು.

ನನಗೆ ಆ ಪದ ಗೊತ್ತಿಲ್ಲವೇ! ದಿನಕ್ಕೆ ನೂರು ಸಲ ಆಡುತ್ತೇನೆ. ಬಂದರಿನಲ್ಲಿ ಕೂಲಿಯವರಿಗೆ "ಎಂಡಲೋ ನಿಲಬಡಕಂಡಿ", ಎಂಡದಲ್ಲಿ ನಿಲ್ಲಬೇಡಿ ಎಂದು ಕೂಗುವವನು ನಾನೇ. ಅವಳು ತೆಲುಗಿನಲ್ಲಿ ಹೇಳಿದ್ದರೆ ಮಲಗಿದ್ದರೂ ತಿಳಿಯುತ್ತಿತ್ತು. ಕನ್ನಡದಲ್ಲಿ ಹೇಳಿದಳು, ಅದಕ್ಕೆ ಕನ್ನಡದ ಕಿವಿ ಕೊಟ್ಟೆ. ನಮ್ಮ ಮದ್ದೂರಿನ ಕಡೆ ಹಕಾರವೆಲ್ಲಿ ಉಳಿದಿದೆ? ಹೆಂಡ ನಮಗೆ ಎಂಡವೇ.

"ಅದು ತೆಲುಗು ಕಣೇ!" ಎಂದು ಬೂತೆಲ್ಲ ನಡುಗುವ ಹಾಗೆ ಕೂಗಿದೆ. "ಕನ್ನಡದಲ್ಲಿ ಬಿಸಿಲು ಅನ್ಬೇಕು, ಬಿಸಿಲು!"

"ಬಿಸಿಲು ಅಂದ್ರೇನಪ್ಪ?" ಅಂದಳು.

ತಮಾಷೆಗಲ್ಲ. ನಿಜವಾಗಿ ಕೇಳಿದಳು.

೨೬ ಜುಲೈ, ಶುಕ್ರವಾರ

ಯೋಚಿಸಿ ನೋಡಿದೆ. ಅವಳಿಗೆ ಬಿಸಿಲು ಅನ್ನುವ ಮಾತನ್ನು ನಾನು ಯಾವಾಗ ಆಡಿದ್ದೆ? ನಾನು ಮನೆಗೆ ಬರುವುದು ಕತ್ತಲಾದ ಮೇಲೆ. ಊಟ ಆಯಿತಾ, ಓದಿದೆಯಾ, ಫೀಸು ಕಟ್ಟಿದೆಯಾ, ಮಲಗು. ಇಷ್ಟರಲ್ಲಿ ಬಿಸಿಲು ಎಲ್ಲಿಂದ ಬರಬೇಕು.

ಮಧ್ಯಾಹ್ನ ವಿಜಯಲಕ್ಷ್ಮಿಯಿಂದ ಶ್ರೀಕಂಠನ ಬ್ಯಾಂಕಿಗೆ ಫೋನು. ಸೂರ್ಯಪ್ರಕಾಶ್‌ಗಾರು ಸಾರಾಯಿಯ ಕತೆ ಕೇಳಿ ಪ್ಲಾಸ್ಟರ್ ಕಾಲಿನಲ್ಲೇ ಎದ್ದು ನಿಲ್ಲಲು ಹೋದರಂತೆ. ತಮ್ಮ ಪೆಟ್ಟಿಗೆಯಿಂದ ಅದೇ ಜಾತಿಯ ಹಳೇ ಕಾಯಿಲ್ ಹುಡುಕಿಸಿ ಕೊಟ್ಟಿದ್ದಾರೆ. ಗೌರಿ ನಾಳೆ ಬೆಳಗಿನ ರೈಲಿಗೆ ತರುತ್ತಾಳೆ. ಒಬ್ಬಳೇ.

ಒಬ್ಬಳೇ! ಯಾರನ್ನು ಕೇಳಿ? "ನನ್ನ ಮಾತು ತಪ್ಪಾಗಿ ಹೋಯ್ತು, ನಾನೇ ಸರಿ ಮಾಡ್ತೀನಿ ಅಂತಾ ಇದ್ದಾಳೆ" ಎಂದಳು ಅವಳ ತಾಯಿ.

೨೭ ಜುಲೈ, ಶನಿವಾರ

ಬಂದಳು. ಕಾಯಿಲ್ಲನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಬೈಯಬೇಕೆಂದು ಸ್ಟೇಷನ್ನಿನಲ್ಲಿ ಎರಡು ಗಂಟೆ ಮಾತು ಜೋಡಿಸಿಕೊಂಡಿದ್ದೆ. ಇಳಿದವಳೇ, "ಏನಪ್ಪಾ, ಇಷ್ಟು ಸಣ್ಣ ಆಗಿದ್ದೀರಿ" ಅಂದಳು. ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು.

ಅವಳು ತಂದ ಕಾಯಿಲ್ ಕೂರಿಸಿದೆ. ಪ್ಲಗ್ ಹಿಡಿದು ಹಗ್ಗ ಎಳೆದೆ.

ಕಿಡಿ ಇಲ್ಲ.

ಮೈದುನ ತನ್ನ ಬಣ್ಣದ ದೋಣಿಯಲ್ಲಿ ಕುಳಿತು ಕಡಲೆಕಾಯಿ ಸುಲಿಯುತ್ತಾ ನೋಡುತ್ತಿದ್ದ. "ಅಣ್ಣಗಾರೂ, ಈ ಸಾರಿ ಬ್ರಾಂದಿ ಪೋಯಂಡಿ" ಎಂದ. ಈ ಸಲ ಬ್ರಾಂದಿ ಹಾಕಿ ಅಂತ. ರೇವೆಲ್ಲ ನಕ್ಕಿತು. ಕೋಟೇಶ್ವರಮ್ಮನವರು ನಗಲಿಲ್ಲ. ಗೌರಿಯ ಪಕ್ಕ ಕುಳಿತು ಏನೋ ಕೇಳುತ್ತಿದ್ದರು, ಗೌರಿ ಏನೋ ಹೇಳುತ್ತಿದ್ದಳು. ನನ್ನ ಕಡೆ ಕೈ ತೋರಿಸಿ ಸೂರ್ಯನ ಕಡೆಯೂ ಕೈ ತೋರಿಸಿದಳು. ಆಯಮ್ಮ ಮೊದಲು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡು ಮೈ ಕುಲುಕಿಸಿದರು. ಅಳುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ಅಳುತ್ತಿರಲಿಲ್ಲ.

 ಇನ್ನುಳಿದಿರುವುದು ನಾಳೆಯೊಂದು ದಿನ. ರೇವು ಹೋದರೆ ಆಯಮ್ಮ ಮೈದುನನ ದೋಣಿಯಲ್ಲೇ ಟಿಕೆಟ್ಟು ಹರಿಯುವ ಕೆಲಸಕ್ಕೆ ಹೋಗಬೇಕಂತೆ. ಅವನೇ ಹೇಳಿದ್ದಾನಂತೆ, ದೊಡ್ಡ ಮನಸ್ಸು ಮಾಡಿ.

೨೮ ಜುಲೈ, ಭಾನುವಾರ

ಸೂರ್ಯಪ್ರಕಾಶ್‌ಗಾರನ್ನು ಮನೆಯವರು ಕುರ್ಚಿ ಸಮೇತ ಕೆಳಗಿಳಿಸಿ ಫೋನಿನ ಪಕ್ಕ ಕೂರಿಸಿದ್ದರು. ಇಲ್ಲಿ ಬೂತಿನಿಂದ ನಾನು ಮಾತು ಶುರು ಮಾಡಿದೆ. ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಗೌರಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ತೆಗೆದುಕೊಂಡಳು. "ಅಪ್ಪಾ, ನೀವು ಹೊರಗೆ ಇರಿ."

ಗಾಜಿನಾಚೆಯಿಂದ ನೋಡಿದೆ. ತೆಲುಗಿನಲ್ಲಿ ಮಾತಾಡುತ್ತಿದ್ದಳು, ಹೂಂ ಅಂದಳು, ಕೇಳಿದಳು, ಮತ್ತೆ ಕೇಳಿದಳು. ಬಹಳ ಹೊತ್ತು. ಇವಳು ಇಷ್ಟು ಮಾತಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಸಣ್ಣ ಸಣ್ಣ ಮಾತಾಡುವ ಮಗು, ಇಲ್ಲಿ ವಕೀಲರ ಹಾಗೆ ಕೈ ಆಡಿಸುತ್ತಿದೆ.

ಹೊರಗೆ ಬಂದು, "ಸ್ಟಾಪ್ ಗುಂಡಿಯ ತಂತಿ ಬಿಚ್ಚಿ ನೋಡಿದ್ರಾ?" ಎಂದಳು.

"ಗುಂಡಿ ಚೆನ್ನಾಗೇ ಐತೆ. ಒತ್ತಿದ್ರೆ ಒತ್ತುತ್ತೆ, ಬಿಟ್ರೆ ಬಿಡುತ್ತೆ."

"ಗುಂಡಿ ಅಲ್ಲಪ್ಪ, ತಂತಿ. ಅವತ್ತೇ ಅಂಕಲ್ ಇನ್ನೊಂದು ಹೇಳ್ತಾ ಇದ್ದಾರೆ ಅಂದೆ. ನೀವು ಇಟ್ಟುಬಿಟ್ರಿ."

ರೇವಿಗೆ ಹೋಗಿ ಎಂಜಿನ್ನಿನ ಮುಚ್ಚಳದ ಕೆಳಗೆ ಕೈ ಹಾಕಿ ತಡವಿದೆವು. ಆ ಗುಂಡಿ ಒತ್ತಿದರೆ ಕರೆಂಟು ಪ್ಲಗ್ಗಿಗೆ ಹೋಗದೆ ಎಂಜಿನ್ನಿನ ಮೈಗೇ ಇಳಿದುಹೋಗುತ್ತದೆ, ಎಂಜಿನ್ ನಿಲ್ಲುತ್ತದೆ. ಅದರ ತಂತಿ ಮುಚ್ಚಳದ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಹರಿದು ಲೋಹಕ್ಕೆ ತಾಗಿಕೊಂಡಿತ್ತು. ಅಂದರೆ ಇಷ್ಟು ದಿನವೂ ಯಾರೋ ಆ ಗುಂಡಿಯನ್ನು ಒತ್ತಿಕೊಂಡೇ ಕೂತಿದ್ದ ಹಾಗೆ. ನಾನು ಸಾರಾಯಿಯಲ್ಲಿ ಕರಗಿಸಿದ ಕಾಯಿಲ್ ಯಾವ ಪಾಪವನ್ನೂ ಮಾಡಿರಲಿಲ್ಲ.

ತಂತಿ ಬಿಚ್ಚಿ ಹೊರಗೆ ಬಿಟ್ಟೆ. ಗೌರಿ ಪ್ಲಗ್ ಹಿಡಿದಳು, ನಾನು ಹಗ್ಗ ಎಳೆದೆ.

ಟಕ್. ನೀಲಿ. ಮತ್ತೆ ಟಕ್. ನಡುಹಗಲಲ್ಲೇ ಕಾಣುವಷ್ಟು ನೀಲಿ.

ಕೋಟೇಶ್ವರಮ್ಮನವರು ಒಂದು ಸಲ ಸಾಲದೆಂದು ಮತ್ತೆ ಮತ್ತೆ ಎಳೆಸಿ ನೋಡಿದರು. ಹೊಸ ತಂತಿ ಹಾಕಬೇಕು, ಆದರೆ ಭಾನುವಾರ ಒನ್ ಟೌನೆಲ್ಲ ಬಾಗಿಲು ಹಾಕಿದೆ. ತುದಿಗೆ ಟೇಪು ಸುತ್ತಿ ಬಿಟ್ಟಿದ್ದೇವೆ. ಓಡುವುದಕ್ಕೆ ಆ ತಂತಿ ಬೇಕಾಗಿಲ್ಲವಲ್ಲ.

೨೯ ಜುಲೈ, ಸೋಮವಾರ

ಬಲಗೈ ಇನ್ನೂ ಜುಮ್ಮೆನ್ನುತ್ತಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಎಂಜಿನಿಯರ್ ಸಾಹೇಬರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಜೊತೆಗೆ ಒಬ್ಬ ಗುಮಾಸ್ತ. ದೋಣಿಯಲ್ಲಿ ಅವರು, ಶ್ರೀಕಂಠ, ಗೌರಿ, ಲಂಕೆಯ ಕೆಲವರು. ಚುಕ್ಕಾಣಿಯಲ್ಲಿ ಕೋಟೇಶ್ವರಮ್ಮನವರು, ಎಂಜಿನ್ನಿನ ಹತ್ತಿರ ನಾನು. ಎರಡನೇ ಎಳೆತಕ್ಕೇ ಹತ್ತಿತು. ಆ ಸದ್ದು! ದಡದ ಮೇಲೆ ಮೈದುನನ ಮುಖ ನೋಡಿದೆ, ಆಮೇಲೆ ನೋಡಲು ಮರೆತೆ.

ನಡುನೀರಿಗೆ ಬಂದಾಗ ಸಾಹೇಬರು ಕೈ ಎತ್ತಿದರು. "ಇಕ್ಕಡ ಆಪಂಡಿ." ಇಲ್ಲಿ ನಿಲ್ಲಿಸಿ, ಮತ್ತೆ ಶುರು ಮಾಡಿ ತೋರಿಸಿ, ಅಂತ.

ಗುಂಡಿ ಒತ್ತಿದೆ. ಎಂಜಿನ್ ಓಡುತ್ತಲೇ ಇತ್ತು.

ಮತ್ತೆ ಒತ್ತಿದೆ. ಆಗ ನೆನಪಾಯಿತು, ಗುಂಡಿಯ ತಂತಿಯನ್ನು ನಾವೇ ಬಿಚ್ಚಿ ಗಾಳಿಗೆ ಬಿಟ್ಟಿದ್ದೇವೆ. ಆ ದಿನ ನಿಲ್ಲಬಾರದ ಕಡೆ ನಿಂತ ಎಂಜಿನ್ ಇವತ್ತು ನಿಲ್ಲು ಅಂದರೆ ನಿಲ್ಲದು!

"ಆಪಂಡಿ" ಎಂದರು ಸಾಹೇಬರು.

"ಆಪುತುನ್ನಾನು ಸಾರ್," ನಿಲ್ಲಿಸುತ್ತಿದ್ದೇನೆ ಎಂದೆ.

"ಏನ್ರೀ, ಬ್ರೇಕ್ ಇಲ್ಲೇನು?" ಎಂದ ಶ್ರೀಕಂಠ.

ಕೋಟೇಶ್ವರಮ್ಮನವರು ನನ್ನ ಮುಖ ನೋಡಿದರು. ಆ ನೋಟ ನನಗೆ ಗೊತ್ತು. ಪೆಟ್ರೋಲು ಕಟ್ಟು ಮಾಡಬಹುದಿತ್ತು, ಚೋಕ್ ಎಳೆಯಬಹುದಿತ್ತು. ಅದೆಲ್ಲ ಈಗ ಹೊಳೆಯುತ್ತಿದೆ. ಆಗ ಹೊಳೆದದ್ದು ಒಂದೇ: ಪ್ಲಗ್ಗಿನ ತಂತಿ ಕಿತ್ತರೆ ನಿಲ್ಲುತ್ತದೆ. ನೀರಿನಲ್ಲಿ ನೆನೆದ ಕೈಯಿಂದ ಹಿಡಿದು ಎಳೆದೆ.

ಯಾವುದೋ ಕತ್ತೆ ಒದ್ದ ಹಾಗಾಯಿತು, ಬೆರಳಿನಿಂದ ಭುಜದವರೆಗೆ, ಭುಜದಿಂದ ಹಲ್ಲಿನವರೆಗೆ. ದೋಣಿಯ ತಳದ ನೀರಿನಲ್ಲಿ ಅಂಗಾತ ಬಿದ್ದಿದ್ದೆ. ಎಂಜಿನ್ ನಿಂತಿತ್ತು. ಮೇಲೆ ಆಕಾಶ, ಸುತ್ತ ಮುಖಗಳು. ಬಾಯಿ ತೆರೆದೆ, ಮಾತು ಬರಲಿಲ್ಲ.

ಸಾಹೇಬರು ಬಗ್ಗಿ ನನ್ನನ್ನೂ ಎಂಜಿನ್ನನ್ನೂ ನೋಡಿ, ಗುಮಾಸ್ತನಿಗೆ, "ಸ್ಪಾರ್ಕ್ ಬಾಗಾನೇ ಉಂದಿ, ರಾಸುಕೋ" ಎಂದರು. ಕಿಡಿ ಚೆನ್ನಾಗಿಯೇ ಇದೆ, ಬರೆದುಕೋ. ಆಮೇಲೆ, ಹೊಸ ತಂತಿ ಹಾಕಿಸಿದ ಮೇಲೆಯೇ ಜನರನ್ನು ಕೂರಿಸತಕ್ಕದ್ದು ಎಂದೂ ಬರೆಸಿದರು.

ಪ್ಲಗ್ಗಿನ ತಂತಿ ಸಿಕ್ಕಿಸಿ ಮತ್ತೆ ಹಗ್ಗ ಎಳೆದವರು ಕೋಟೇಶ್ವರಮ್ಮನವರು. ಒಂದೇ ಎಳೆತಕ್ಕೆ ಹತ್ತಿತು. ರೇವು ಅವರಿಗೇ ಉಳಿಯಿತು. ದಡಕ್ಕೆ ಬಂದ ಮೇಲೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಉಜ್ಜಿದರು.  ಇನ್ನು ಹೋಗಬಹುದು ಅಂತ ಅನ್ನಲಿಲ್ಲ. ಊಟ ಮಾಡಿಕೊಂಡು ಹೋಗಿ ಅಂದರು.

ಶ್ರೀಕಂಠ ಸಂಜೆಯಿಂದ ಒಂದೇ ಹಾಡು ಹಾಡುತ್ತಿದ್ದಾನೆ. ನಾನು ಬಿದ್ದಾಗ ಗೌರಿ "ನಾನ್ನಾ!", ತೆಲುಗಿನಲ್ಲಿ ಅಪ್ಪಾ, ಎಂದು ಚೀರಿ ನನ್ನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳಂತೆ. ನನಗೆ ಮಾತು ಬಂದಾಗ ಮೊದಲು ಆಡಿದ್ದು, "ಏಂ ಕಾಲೇದು ತಲ್ಲೀ, ಏಂ ಕಾಲೇದು" ಅಂತೆ. ಏನೂ ಆಗಿಲ್ಲ ತಾಯಿ, ಏನೂ ಆಗಿಲ್ಲ.

ನಾನು ಮಗಳ ಹತ್ತಿರ ತೆಲುಗಿನಲ್ಲಿ ಹಾಗೆ ಅಂದಿರಲಾರೆ. ಗೌರಿಯನ್ನೇ ಕೇಳಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡುತ್ತಾ ನಕ್ಕಳು.